ತ್ರಂಗ್‌ನಲ್ಲಿ ಊಟಕ್ಕೆ ಹೊತ್ತು ನೋಡಿ ಹೊರಡಿ

ಥಾಯ್ಲೆಂಡಿನ ಯಾವ ಊರಿಗೆ ಹೊರಟರೂ ನಮ್ಮವರು ಮೊದಲು ವಿಚಾರಿಸುವುದು ‘ಒಳ್ಳೆಯ ಹೋಟೆಲು ಎಲ್ಲಿದೆ’ ಎಂದು. ಬ್ಯಾಂಕಾಕ್‌ನಲ್ಲಿ ಆ ಪ್ರಶ್ನೆ ನಡೆದೀತು. ದಕ್ಷಿಣದ ಅಂಡಮಾನ್ ಕರಾವಳಿಯ ತ್ರಂಗ್‌ನಂಥ ಜಿಲ್ಲಾ ಪಟ್ಟಣದಲ್ಲಿ ಮಾತ್ರ ‘ಎಷ್ಟು ಹೊತ್ತಿಗೆ ಹೋಗಬೇಕು’ ಎಂದು ಕೇಳುವುದೇ ಜಾಣತನ. ಅಲ್ಲಿನ ಅಡುಗೆ ಹೊತ್ತಿಗೊಂದು ಜಾಗದಲ್ಲಿ ಸಿಗುತ್ತದೆ. ನಿಧಾನವಾಗಿ ಎದ್ದು ಹತ್ತು ಗಂಟೆಗೆ ಹೊರಟವರ ಪಾಲಿಗೆ ಅದರ ಒಳ್ಳೆಯ ಭಾಗ ಆಗಲೇ ಖಾಲಿ.

ಇದಕ್ಕೆ ದೊಡ್ಡ ಕಾರಣ ರಬ್ಬರು. ಚೀನೀ ಮೂಲದ ಗವರ್ನರ್ ಖಾವ್ ಸಿಂ ಬೀ 1899ರ ಸುಮಾರಿಗೆ ತಂದು ನೆಟ್ಟದ್ದೆನ್ನುವ ದೇಶದ ಮೊದಲ ರಬ್ಬರ್ ಮರ ಈ ಜಿಲ್ಲೆಯ ಕಂತಾಂಗ್‌ನಲ್ಲಿ ಇಂದಿಗೂ ರಸ್ತೆ ಬದಿ ನಿಂತಿದೆ. ರಬ್ಬರ್ ಹಾಲು ತಂಪು ಹೊತ್ತಿನಲ್ಲೇ ಚೆನ್ನಾಗಿ ಇಳಿಯುತ್ತದೆ. ಸುಳ್ಯ, ಪುತ್ತೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕತ್ತಲಲ್ಲೇ ತೋಟಕ್ಕಿಳಿದ ಟ್ಯಾಪರ್‌ಗೆ ಬೆಳಗಾಗುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತದೆ. ಅವನಿಗೆ ಗಟ್ಟಿ ತಿಂಡಿಯೇ ಬೇಕು. ಅದನ್ನು ಒದಗಿಸಿದವರು ವಲಸೆ ಬಂದ ಚೀನೀಯರು. ಮಸಾಲೆ, ಸಿಹಿ ಹಚ್ಚಿದ ಇಡೀ ಹಂದಿ ರಾತ್ರಿಯೇ ಒಲೆ ಸೇರುತ್ತದೆ. ಬೆಳಿಗ್ಗೆ ಅದನ್ನು ಮರದ ಕೊರಡಿನ ಮೇಲೆ ಕೊಚ್ಚಿ ತೂಕಕ್ಕೆ ಮಾರುತ್ತಾರೆ. ಚರ್ಮ ಹಪ್ಪಳದ ಹಾಗೆ ಪಟಪಟ ಮುರಿಯಬೇಕು, ಕೆಳಗಿನ ಕೊಬ್ಬು ಬಾಯಲ್ಲಿ ಕರಗಬೇಕು. ಮಧ್ಯಾಹ್ನದ ಹೊತ್ತಿಗೆ ಅದೇ ಚರ್ಮ ಮೆತ್ತಗಾಗಿರುತ್ತದೆ. ಜೊತೆಗೆ ಕಾಫಿ ಅಂಗಡಿಯ ಮೇಜಿನ ತುಂಬ ಹಬೆಯಲ್ಲಿ ಬೆಂದ ಡಿಮ್ ಸಮ್ ತಟ್ಟೆಗಳು, ತಳದಲ್ಲಿ ಮಂದ ಸಿಹಿ ಹಾಲು ಕೂತ ಕರಿ ಕಾಫಿ.

‘ಇದು ಚೀನೀ ತಿಂಡಿಯಾಯಿತಲ್ಲ, ಥಾಯ್ ಎಲ್ಲಿ ಬಂತು?’ ಎನ್ನಬಹುದು. ಆದರೆ ಹುರಿದ ಹಂದಿಮಾಂಸದಿಂದ ದಿನ ಶುರುಮಾಡುವ ವಾಡಿಕೆಗೆ ಥಾಯ್ಲೆಂಡಿನಲ್ಲಿ ಹೆಸರಾದದ್ದು ತ್ರಂಗ್. ಊರಿನ ದುಡಿಮೆಯಿಂದ ಹುಟ್ಟಿದ ಊಟವನ್ನು ಊರಿನದಲ್ಲವೆಂದರೆ ಇನ್ನಾವುದನ್ನು ಹಾಗೆನ್ನುವುದು? ಅಪ್ಪಟ ದಕ್ಷಿಣದ ರುಚಿಯೇ ಬೇಕೆಂದರೆ ಮಧ್ಯಾಹ್ನ ಅನ್ನ-ಸಾರಿನ ಅಂಗಡಿಗಳಿವೆ. ಸಾಲಾಗಿಟ್ಟ ಟ್ರೇಗಳಲ್ಲಿ ಅರಿಶಿನ ಹಾಕಿದ ಹುಳಿ ಮೀನುಸಾರು, ಸಿಗಡಿಯ ಜೊತೆ ಬಾಡಿಸಿದ, ಘಾಟು ವಾಸನೆಯ ಸತೋ ಕಾಳು. ಬೆರಳು ತೋರಿಸಿದರೆ ಸಾಕು, ಭಾಷೆ ಬರಬೇಕಿಲ್ಲ. ಖಾರ ಮಾತ್ರ ಗುಂಟೂರಿನವರೂ ನೀರು ಕೇಳುವಂಥದ್ದು. ತೆರೆದಿಟ್ಟ ಅಡುಗೆ ಆರೋಗ್ಯಕ್ಕೆ ಸರಿಯೇ ಎಂಬ ಅಳುಕು ನ್ಯಾಯವಾದದ್ದೇ. ಅದಕ್ಕೂ ಮದ್ದು ಹೊತ್ತೇ: ಬೆಳಿಗ್ಗೆ ಬೆಂದದ್ದನ್ನು ಜನ ಮುಗಿಬಿದ್ದಾಗ ಉಣ್ಣಬೇಕು, ಸಂಜೆಗೆ ಉಳಿದದ್ದನ್ನು ಮುಟ್ಟಬಾರದು. ಸಂಜೆಗೆ ಆಗಲೇ ಕಾಯಿಸಿ, ಕರಿದು ಕೊಡುವ ಸಂತೆಯಿದೆ.

ಸಸ್ಯಾಹಾರಿಗಳ ತಕರಾರಿಗೆ ಇಷ್ಟು ಸಲೀಸಾದ ಉತ್ತರವಿಲ್ಲ. ಸೊಪ್ಪಿನ ಪಲ್ಯಕ್ಕೂ ಅಲ್ಲಿ ಮೀನಿನ ಸಾಸ್ ಬೀಳುತ್ತದೆ. ಆದರೆ ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳಲ್ಲಿ, ಅಂದರೆ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ, ಒಂಬತ್ತು ದಿನ ನಡೆಯುವ ‘ಜೇ’ ಹಬ್ಬದಲ್ಲಿ ಇದೇ ಊರಿನ ಬೀದಿಗಳಲ್ಲಿ ಮಾಂಸ, ಮೊಟ್ಟೆ, ಹಾಲಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಅಡುಗೆ ಸಿಗುತ್ತದೆ. ಉಳಿದ ದಿನಗಳಲ್ಲಿ ಕೆಂಪು ಅಕ್ಷರದ ಹಳದಿ ಬಾವುಟ ಕಟ್ಟಿದ ಅಂಗಡಿ ಹುಡುಕಬೇಕು, ಅದನ್ನೂ ಬೆಳಿಗ್ಗೆಯೇ; ಹಲವು ಅಂಗಡಿಗಳು ಮಧ್ಯಾಹ್ನ ದಾಟುತ್ತಿದ್ದಂತೆ ಬಾಗಿಲೆಳೆಯುತ್ತವೆ.