ಒಮೆಂಟಮ್ ಎಂದರೇನು? ನಮ್ಮ ‘ವಪೆ’ಯೇ ಅದು!

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಒಮೆಂಟಮ್’ ಎಂಬ ಪದ ಕಂಡ ಕೂಡಲೇ ಗಾಬರಿಯಾಗಬೇಡಿ. ಅದು ಕಾಯಿಲೆಯ ಹೆಸರಲ್ಲ, ಎಲ್ಲರ ಹೊಟ್ಟೆಯಲ್ಲೂ ಇರುವ ಕೊಬ್ಬಿನ ಪರದೆ. ಜಠರದ ಕೆಳ ಅಂಚಿನಿಂದ ಇಳಿಬಿದ್ದು ಕರುಳನ್ನು ಮುಂದಿನಿಂದ ಮುಚ್ಚಿಕೊಂಡಿರುತ್ತದೆ. ಹಿರಿಯೂರು, ಬಬ್ಬೂರು, ಚಳ್ಳಕೆರೆ ಕಡೆಯದು ಕುರಿ ಸಾಕುವ ಸೀಮೆ. ಕುರಿ ಕೊಯ್ದಾಗ ಕರುಳಿನ ಮೇಲೆ ಬಿಳಿ ಬಲೆಯಂತೆ ಹರಡಿರುವ ಕೊಬ್ಬನ್ನು ಅಲ್ಲಿ ನೋಡದವರು ಕಡಿಮೆ. ಅದೇ ಇದು.

ಇದರ ಸಂಸ್ಕೃತ ಹೆಸರು ವಪಾ, ಕನ್ನಡದಲ್ಲಿ ವಪೆ. ವೇದಕಾಲದ ಪಶುಯಾಗದಲ್ಲಿ ಇದನ್ನೇ ಹೊರತೆಗೆದು ಬೆಂಕಿಯಲ್ಲಿ ಹದಮಾಡಿ ಆಹುತಿ ಕೊಡುತ್ತಿದ್ದರು. ಅಮರಕೋಶ ಇದನ್ನು ಮೇದಸ್ಸು, ವಸೆಗಳ ಜೊತೆ ಸೇರಿಸಿ ಕೊಬ್ಬು ಎಂದೇ ಲೆಕ್ಕ ಹಾಕಿದೆ. ಚರಕ ಸಂಹಿತೆ ಎಣಿಸುವ 15 ಕೋಷ್ಠಾಂಗಗಳಲ್ಲಿ ‘ವಪಾವಹನ’ವೂ ಒಂದು. ಈಗಿನ ಹಲವು ವ್ಯಾಖ್ಯಾನಕಾರರು ಅದನ್ನು ಒಮೆಂಟಮ್ ಎಂದೇ ಗುರುತಿಸುತ್ತಾರೆ. ಗ್ರೀಕರು ಇಟ್ಟ ಹೆಸರು ‘ಎಪಿಪ್ಲೂನ್’, ಅಂದರೆ ಮೇಲೆ ತೇಲುವುದು. ‘ಒಮೆಂಟಮ್’ ಲ್ಯಾಟಿನ್ ಪದ. ರೋಮಿನ ಪುರೋಹಿತರು ಬಲಿಪಶುವಿನ ಹೊಟ್ಟೆ ನೋಡಿ ಶಕುನ ಹೇಳುತ್ತಿದ್ದುದರಿಂದ, ಶಕುನ ಎಂಬರ್ಥದ ‘ಒಮೆನ್’ನಿಂದ ಇದು ಬಂತು ಎಂಬ ಕಥೆಯಿದೆ. ಕಥೆ ಚೆನ್ನಾಗಿದೆ, ಆದರೆ ಪಂಡಿತರು ಒಪ್ಪಿಲ್ಲ. ‘ತೊಟ್ಟುಕೊಳ್ಳು’ ಎಂಬ ಕ್ರಿಯಾಪದಕ್ಕೆ ಇದನ್ನು ಜೋಡಿಸುವವರೂ ಇದ್ದಾರೆ.

ಹೆಸರು ಏನೇ ಇರಲಿ, ಇದು ಬರೀ ಕೊಬ್ಬಲ್ಲ. ಇದರೊಳಗೆ ಸೋಂಕಿನ ವಿರುದ್ಧ ಹೋರಾಡುವ ಕಣಗಳ ಗುಂಪುಗಳಿವೆ. ಅಪೆಂಡಿಕ್ಸ್ ಊದಿಕೊಂಡರೆ ಅದಕ್ಕೆ ಅಂಟಿಕೊಂಡು, ಸುತ್ತುವರಿದು, ಕೀವು ಹೊಟ್ಟೆಯೆಲ್ಲ ಹರಡದಂತೆ ತಡೆಯಲು ನೋಡುತ್ತದೆ. ಅದಕ್ಕೇ ಇಂಗ್ಲೆಂಡಿನ ಶಸ್ತ್ರವೈದ್ಯ ರುದರ್‌ಫರ್ಡ್ ಮಾರಿಸನ್ 1906ರಲ್ಲಿ ಇದನ್ನು ‘ಹೊಟ್ಟೆಯ ಪೊಲೀಸ್’ ಎಂದು ಕರೆದರು. ಈ ಪೊಲೀಸಪ್ಪ ತಾನಾಗಿ ನಡೆಯಲಾರ ಎನ್ನುವುದು ಬೇರೆ ಮಾತು. ಕರುಳಿನ ಅಲುಗಾಟವೇ ಅವನನ್ನು ಅತ್ತಿತ್ತ ಒಯ್ಯುತ್ತದೆ.

ಚಿಕ್ಕ ಮಕ್ಕಳಲ್ಲಿ ಈ ಪರದೆ ಗಿಡ್ಡ, ತೆಳು. ಅಪೆಂಡಿಕ್ಸ್ ಒಡೆದರೆ ಸೋಂಕು ಬೇಗ ಹರಡುತ್ತದೆ. ಆದ್ದರಿಂದ ಮಗುವಿಗೆ ಹೊಟ್ಟೆನೋವು ಬಂದಾಗ ‘ಬಟ್ಟಿ ಬಿದ್ದಿದೆ’ ಎಂದು ಎಣ್ಣೆ ಹಚ್ಚಿ ನೀವಿಸುತ್ತ ಕೂರುವುದು, ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವುದು ಅಪಾಯ. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದು, ಜೊತೆಗೆ ವಾಂತಿ, ಜ್ವರ ಇದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ನಡುವೆ ನೋವು ಒಮ್ಮೆಲೇ ಇಳಿದರೂ ವಾಪಸ್ ಬರಬೇಡಿ. ಅಪೆಂಡಿಕ್ಸ್ ಒಡೆದಾಗಲೂ ಸ್ವಲ್ಪ ಹೊತ್ತು ಹಾಗಾಗುವುದುಂಟು.