ಮಕ್ಕಳ ಜ್ವರ ಮತ್ತು ಪ್ಲೇಟ್‌ಲೆಟ್ ಎಣಿಕೆ

ಜ್ವರ ಬಂದ ಮಗುವಿನ ರಕ್ತಪರೀಕ್ಷೆಯ ವರದಿಯಲ್ಲಿ ‘ಪ್ಲೇಟ್‌ಲೆಟ್ 80,000’ ಎಂದು ಕಂಡೊಡನೆ ಮನೆಮಂದಿ ಗಾಬರಿಯಾಗುವುದು ಸಹಜ. ಈ ಸಂಖ್ಯೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಯೋಣ.

ಪ್ಲೇಟ್‌ಲೆಟ್‌ಗಳು ರಕ್ತದಲ್ಲಿ ತೇಲುವ, ಸುಮಾರು 2-3 ಮೈಕ್ರೊಮೀಟರ್ ಅಗಲದ ಕಿರುಬಿಲ್ಲೆಗಳು. ರಕ್ತನಾಳಕ್ಕೆ ಗಾಯವಾದಾಗ ಇವು ಒಂದಕ್ಕೊಂದು ಅಂಟಿಕೊಂಡು ಸೋರಿಕೆ ತಡೆಯುತ್ತವೆ. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1.5 ರಿಂದ 4.5 ಲಕ್ಷ ಇರುತ್ತವೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ 8-10 ದಿನ ಬದುಕುತ್ತವೆ. ಆದ್ದರಿಂದ ಸಂಖ್ಯೆ ಇಳಿಯಲು ಮುಖ್ಯವಾಗಿ ಮೂರು ದಾರಿಗಳಿವೆ: ಉತ್ಪಾದನೆ ಕುಗ್ಗುವುದು, ನಾಶ ಹೆಚ್ಚುವುದು, ಊದಿದ ಗುಲ್ಮದಲ್ಲಿ ಸಿಕ್ಕಿಕೊಳ್ಳುವುದು.

ಡೆಂಗ್ಯೂವಿನಲ್ಲಿ ಮೊದಲೆರಡೂ ನಡೆಯುತ್ತವೆ. ಮಲೇರಿಯದಲ್ಲಿ ನಾಶದ ಜೊತೆಗೆ ಗುಲ್ಮವೂ ಊದುತ್ತದೆ. ಟೈಫಾಯ್ಡ್, ಇಲಿಜ್ವರ, ಸ್ಕ್ರಬ್ ಟೈಫಸ್, ರಕ್ತಕ್ಕೆ ಹರಡಿದ ಬ್ಯಾಕ್ಟೀರಿಯ ಸೋಂಕು, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇವುಗಳಲ್ಲಿಯೂ ಎಣಿಕೆ ಇಳಿಯಬಹುದು. ಅಪರೂಪವಾಗಿ ರಕ್ತದ ಕ್ಯಾನ್ಸರ್ ಕಾರಣವಾಗಿರುತ್ತದೆ. ಅಂದರೆ ಸಂಖ್ಯೆಯೊಂದರಿಂದಲೇ ರೋಗ ಯಾವುದೆಂದು ಹೇಳಲಾಗದು. ಮಲೇರಿಯ, ಸ್ಕ್ರಬ್ ಟೈಫಸ್‌ಗಳಿಗೆ ನಿರ್ದಿಷ್ಟ ಔಷಧಗಳಿವೆ. ‘ಡೆಂಗ್ಯೂ ಇರಬೇಕು’ ಎಂದು ಸುಮ್ಮನಿದ್ದರೆ ಚಿಕಿತ್ಸೆ ತಡವಾಗುತ್ತದೆ.

ಎಣಿಕೆಯೂ ತಪ್ಪಬಹುದು. ಅನೇಕ ಯಂತ್ರಗಳಲ್ಲಿ ರಕ್ತಕಣಗಳು ಸಣ್ಣ ರಂಧ್ರದ ಮೂಲಕ ಒಂದೊಂದಾಗಿ ಹಾಯುತ್ತವೆ. ಕಣ ಹಾಯುವಾಗ ಅಲ್ಲಿನ ವಿದ್ಯುತ್ ರೋಧ ಕ್ಷಣಕಾಲ ಏರುತ್ತದೆ. ಆ ಏರಿಕೆಯ ಪ್ರಮಾಣದಿಂದ ಕಣದ ಗಾತ್ರ ತಿಳಿಯುತ್ತದೆ. ಸಣ್ಣವು ಪ್ಲೇಟ್‌ಲೆಟ್ ಎಂದು ಲೆಕ್ಕ. ಕೆಲವರ ರಕ್ತದಲ್ಲಿ, ಹೆಪ್ಪುಗಟ್ಟದಿರಲೆಂದು ಶೀಶೆಗೆ ಹಾಕಿರುವ ರಾಸಾಯನಿಕದಿಂದಲೇ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ. ದೊಡ್ಡ ಗುಂಪನ್ನು ಯಂತ್ರ ಪ್ಲೇಟ್‌ಲೆಟ್ ಎಂದು ಗುರುತಿಸದು. ಅನುಮಾನವಿದ್ದರೆ ಗಾಜಿನ ಫಲಕದ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಡೆಂಗ್ಯೂವಿನ ದೊಡ್ಡ ಅಪಾಯ ಬೇರೆಡೆ ಇದೆ. ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯಬಹುದು. ಇದು ಹೆಚ್ಚಾಗಿ 3ರಿಂದ 7ನೆಯ ದಿನದೊಳಗೆ, ಜ್ವರ ಇಳಿಯುವ ಹೊತ್ತಿನಲ್ಲೇ ಆಗುತ್ತದೆ. ಆದ್ದರಿಂದ ಜ್ವರ ಬಿಟ್ಟಿತೆಂದು ಮೈಮರೆಯಬೇಡಿ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಅಥವಾ ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಮಂಕುತನ, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ಎಣಿಕೆ ಎಷ್ಟೇ ಇರಲಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ರಕ್ತಸ್ರಾವವಿಲ್ಲದಾಗ ಎಣಿಕೆ ಇಳಿದ ಮಾತ್ರಕ್ಕೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಏರಿಸುವುದಿಲ್ಲ. ಅದಕ್ಕಾಗಿ ವೈದ್ಯರನ್ನು ಒತ್ತಾಯಿಸಬೇಡಿ. ಜ್ವರಕ್ಕೆ ವೈದ್ಯರು ಹೇಳಿದಷ್ಟು ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು, ಅವನ್ನು ಕೊಡಬೇಡಿ.