ಅಮಾನತಾದ ಡಿಎಲ್ ಗೋವಾದಲ್ಲಿ ನಡೆಯುತ್ತದೆಯೇ?

ಶಿಕಾರಿಪುರದಲ್ಲೋ ಸೊರಬದಲ್ಲೋ ಡಿಎಲ್ ಅಮಾನತಾದವರು ಶಿರಸಿ, ಕಾರವಾರ ದಾಟಿ ಗೋವಾದಲ್ಲಿ ಗಾಡಿ ಓಡಿಸಬಹುದೇ? ಖಂಡಿತ ಇಲ್ಲ.

ಡಿಎಲ್ ಕೊಡುವುದು ರಾಜ್ಯದ ಆರ್‌ಟಿಒ ಕಚೇರಿಯಾದರೂ ಅದಕ್ಕೆ ಬಲ ಬರುವುದು ಕೇಂದ್ರದ 1988ರ ಮೋಟಾರು ವಾಹನ ಕಾಯ್ದೆಯಿಂದ. ಅದರ 13ನೇ ಸೆಕ್ಷನ್ ಪ್ರಕಾರ, ಸಾಗರದಲ್ಲಿ ಪಡೆದ ಡಿಎಲ್ ದೇಶದುದ್ದಕ್ಕೂ ಸಲ್ಲುತ್ತದೆ. ಅಮಾನತಾದರೆ ದೇಶದಲ್ಲೆಲ್ಲೂ ಸಲ್ಲದು. ಆ ಅವಧಿಯಲ್ಲಿ ಬೇರೆ ರಾಜ್ಯಕ್ಕೆ ಹೋಗಿ ಹೊಸ ಡಿಎಲ್ ಮಾಡಿಸಿಕೊಳ್ಳುವಂತೆಯೂ ಇಲ್ಲ. ಅದನ್ನು 23ನೇ ಸೆಕ್ಷನ್ ತಡೆಯುತ್ತದೆ.

ಆದರೂ ಓಡಿಸಿ ಸಿಕ್ಕಿಬಿದ್ದರೆ 3 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. 2019ರ ತಿದ್ದುಪಡಿಗೆ ಮೊದಲು ಈ ದಂಡ ಹೆಚ್ಚೆಂದರೆ 500 ರೂಪಾಯಿ ಇತ್ತು!

ಆರ್‌ಟಿಒ ಅಧಿಕಾರಿಯ ಅಮಾನತು ಆದೇಶ ಅನ್ಯಾಯವೆನಿಸಿದರೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.